ಕುದುರೆಯ ಫೋರ್ಕ್ ಕಂಡರೆ ಕೈ ತಡೆಯಲ್ಲ, ಆಮೇಲೆ ಆಟವೇ ಹೋಗುತ್ತೆ: ಏನು ಮಾಡಲಿ?

ಪ್ರಶ್ನೆ: ಸರ್, ನಾನು ಚೆಸ್ ಟೂರ್ನಮೆಂಟ್ ಆಡುವವನಲ್ಲ. ರಾತ್ರಿ ಫೋನಿನಲ್ಲಿ 10 ನಿಮಿಷದ ಆಟ ಎರಡೋ ಮೂರೋ, ರಜೆ ಇದ್ದಾಗ ಅಣ್ಣನ ಮಗನ ಜೊತೆ ಬೋರ್ಡಿನ ಮೇಲೆ ಒಂದು, ಅಷ್ಟೇ. ಕುದುರೆಯಿಂದ ಫೋರ್ಕ್ ಹಾಕೋದು (ಒಂದೇ ಸಲ ಎರಡು ಕಾಯಿಗಳಿಗೆ ಗುರಿ ಇಡೋದು) ಅಂದರೆ ನನಗೆ ಒಂಥರಾ ಹುಚ್ಚು. ಆದರೆ ಫೋರ್ಕ್ ಹಾಕಿದ ಆಟಗಳನ್ನೇ ಜಾಸ್ತಿ ಸೋಲುತ್ತಿದ್ದೇನೆ. ಮೊನ್ನೆಯ ಆಟ ನೋಡಿ, ನಾನು ಬಿಳಿ (ಮನೆಯ ಹೆಸರಲ್ಲಿ ಅಕ್ಷರ ಉದ್ದಸಾಲು, ಅಂಕಿ ಅಡ್ಡಸಾಲು). ನನ್ನ ಕಾಲಾಳು ಇ4, ಅವರದು ಇ5. ನನ್ನ ಕುದುರೆ ಎಫ್3, ಅವರ ಕುದುರೆ ಸಿ6. ನಾನು ಡಿ4, ಅವರು ಅದನ್ನು ಕಾಲಾಳಿನಿಂದ ಹೊಡೆದರು, ನಾನು ಕುದುರೆಯಿಂದ ಹೊಡೆದೆ. ಅವರ ರಾಣಿ ಎಚ್4ಕ್ಕೆ ಬಂತು. ನಾನು ಕುದುರೆಯನ್ನು ಬಿ5ಕ್ಕೆ ತಂದೆ, ಅವರು ಒಂಟೆಯನ್ನು ಸಿ5ಕ್ಕೆ. ಸಿ7ರಲ್ಲಿ ಕಾಲಾಳು ಹೊಡೆದು ರಾಜನಿಗೆ ಚೆಕ್ ಕೊಟ್ಟೆ, ಜೊತೆಗೆ ಎ8ರ ಆನೆಗೂ ಗುರಿ. ರಾಜ ಡಿ8ಕ್ಕೆ ಸರಿದ, ಖುಷಿಯಿಂದ ಆನೆ ಹೊಡೆದೆ. ರಾಣಿ ಎಫ್2ಕ್ಕೆ ಬಂತು, ಮೇಟ್, ರಾಜನಿಗೆ ತಪ್ಪಿಸಿಕೊಳ್ಳೋ ದಾರಿಯೇ ಇಲ್ಲ! 7ನೇ ನಡೆಗೇ ಆಟ ಮುಗಿಯಿತು. ಬೇರೆ ಆಟಗಳಲ್ಲಿ ಆನೆ ಹೊಡೆದ ಕುದುರೆ ಮೂಲೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆನೆಗೆ 5 ಪಾಯಿಂಟ್, ಕುದುರೆಗೆ 3. ಲೆಕ್ಕದಲ್ಲಿ ಲಾಭ ನನ್ನದೇ ಅಲ್ವಾ? ಗೆಳೆಯ ಹೇಳ್ತಾನೆ, "ಸುಮ್ನೆ ಆಡೋ ಆಟದಲ್ಲಿ ಯಾರೂ ಅಷ್ಟು ನೋಡಲ್ಲ, ಫೋರ್ಕ್ ಕಂಡರೆ ಹಾಕು" ಅಂತ. ಅಣ್ಣನ ಮಗ ಹೇಳ್ತಾನೆ, "ಫೋರ್ಕ್ ಬಿಡು, ಮೊದಲು ಕ್ಯಾಸ್ಲಿಂಗ್ ಮಾಡು" ಅಂತ, ಅಂದರೆ ರಾಜನನ್ನು ಆನೆಯ ಕಡೆಗೆ ಸರಿಸಿ ಭದ್ರ ಮಾಡೋ ನಡೆ. ಯಾರ ಮಾತು ಕೇಳಲಿ? ಮತ್ತೆ, ಅವನ ಕುದುರೆ ನನಗೆ ಫೋರ್ಕ್ ಹಾಕೋದನ್ನು ಮೊದಲೇ ಕಂಡುಹಿಡಿಯೋಕೆ ಏನಾದರೂ ದಾರಿ ಇದೆಯಾ?

ಉತ್ತರ: ನೀವು ನಡೆಗಳನ್ನು ಬರೆದು ಕಳಿಸಿದ್ದು ಒಳ್ಳೆಯದಾಯಿತು. "ಫೋರ್ಕ್ ಹಾಕಿದೆ, ಸೋತೆ" ಅಂತ ಮಾತ್ರ ಬರೆದಿದ್ದರೆ ನಾನು ಊಹೆ ಮಾಡಬೇಕಿತ್ತು. ಈಗ ಬೋರ್ಡಿನ ಮೇಲೇ ಮಾತಾಡೋಣ. (ರಾಣಿಯನ್ನು ಮಂತ್ರಿ ಅಂತ ಕರೆಯುವವರು ಹಾಗೇ ಓದಿಕೊಳ್ಳಿ.)

ನಿಮ್ಮ ಭಯ ಫೋರ್ಕ್ ಹಾಕೋದೇ ತಪ್ಪೇನೋ ಅನ್ನೋದು. ತಪ್ಪಲ್ಲ. ಕುದುರೆಯ ಫೋರ್ಕ್ ಅಷ್ಟು ಜೋರಾಗಿರುವುದಕ್ಕೆ ಕಾರಣ ಇದೆ. ಕುದುರೆ ಯಾವ ಕಾಯಿಗೆ ಗುರಿ ಇಟ್ಟಿದೆಯೋ ಆ ಕಾಯಿ ತಿರುಗಿ ಕುದುರೆಯನ್ನು ಹೊಡೆಯೋಕೆ ಆಗಲ್ಲ. ರಾಣಿಗೂ ಆಗಲ್ಲ, ಆನೆಗೂ ಆಗಲ್ಲ, ರಾಜನಿಗೂ ಆಗಲ್ಲ. ಅದು ಇನ್ನೊಂದು ಕುದುರೆಗೆ ಮಾತ್ರ ಸಾಧ್ಯ. ಮಧ್ಯೆ ಏನನ್ನಾದರೂ ಅಡ್ಡ ಇಟ್ಟು ತಡೆಯೋಣ ಅಂದರೆ ಅದೂ ಆಗಲ್ಲ, ಕುದುರೆ ಹಾರಿಕೊಂಡು ಬರುತ್ತದೆ. ಹಾಗಾಗಿ ಕುದುರೆಯ ಚೆಕ್ಕಿಗೆ ಇರೋದು ಎರಡೇ ಉತ್ತರ: ಮೂರನೆಯ ಕಾಯಿಯಿಂದ ಅದನ್ನು ಹೊಡೆಯಬೇಕು, ಇಲ್ಲವೇ ರಾಜ ಜಾಗ ಬಿಡಬೇಕು.

ಇಷ್ಟರವರೆಗೆ ನಿಜ. ಇದರ ಬೆನ್ನಿಗೇ "ಹಾಗಾದರೆ ಫೋರ್ಕ್‌ಗೆ ಉತ್ತರವೇ ಇಲ್ಲ" ಅಂತ ಒಂದು ನಂಬಿಕೆ ಅಂಟಿಕೊಂಡಿದೆ ನೋಡಿ, ಸುಳ್ಳು ಶುರುವಾಗೋದು ಅಲ್ಲಿಂದ. ಫೋರ್ಕ್ ಹಾಕಿದಾಗ ನಿಮ್ಮ ಕೈಗೆ ಏನೂ ಬಂದಿರುವುದಿಲ್ಲ. ಹಾಕೋದು ಒಂದು ನಡೆ, ಹೊಡೆಯೋದು ಇನ್ನೊಂದು ನಡೆ, ಹೊಡೆದ ಕುದುರೆ ಹೊರಗೆ ಬರೋದು ಮೂರನೆಯದು. ಪ್ರತಿಯೊಂದರ ನಡುವೆ ಎದುರಾಳಿಗೂ ಒಂದೊಂದು ನಡೆ ಇದೆ. ಫೋರ್ಕ್ ಕಂಡ ಕೂಡಲೇ ನಾವು ಪಾಯಿಂಟ್ ಎಣಿಸೋಕೆ ಶುರು ಮಾಡುತ್ತೇವೆ. ಎಣಿಸಬೇಕಾದದ್ದು ಆ ನಡೆಗಳನ್ನು.

ನಿಮ್ಮ ಆಟಕ್ಕೆ ಬನ್ನಿ. ಕುದುರೆ ಬಿ5ಕ್ಕೆ ಬಂದ ಮೇಲೆ ಕಪ್ಪು ಒಂಟೆ ಸಿ5ಕ್ಕೆ ಬಂತಲ್ಲ, ಅದು ಯಾಕೆ ಬಂತು ಅಂತ ಆ ಹೊತ್ತಿನಲ್ಲಿ ನೀವು ಕೇಳಿಕೊಳ್ಳಲಿಲ್ಲ. ಎಚ್4ರ ರಾಣಿ ಮತ್ತು ಸಿ5ರ ಒಂಟೆ ಎರಡೂ ಎಫ್2ರ ಕಡೆ ನೋಡುತ್ತಿವೆ. ಆ ಮನೆಗೆ ನಿಮ್ಮ ಕಡೆಯಿಂದ ಕಾವಲು ರಾಜ ಒಬ್ಬನೇ. ಅಂದರೆ ಒಂದೇ ನಡೆಯಲ್ಲಿ ಮೇಟ್ ಕಾಯುತ್ತಾ ಇತ್ತು. ನೀವು ಸಿ7ರಲ್ಲಿ ಚೆಕ್ ಕೊಟ್ಟಿರಿ, ಆ ಚೆಕ್ ಮೇಟನ್ನು ಒಂದು ನಡೆ ಮುಂದಕ್ಕೆ ಹಾಕಿತು, ನಿಲ್ಲಿಸಲಿಲ್ಲ. ರಾಜ ಡಿ8ಕ್ಕೆ ಸರಿದಾಗ ಇನ್ನೊಂದು ಕೆಲಸವೂ ಆಯಿತು: ಈಗ ಅವನು ನಿಮ್ಮ ಕುದುರೆಯ ಪಕ್ಕದಲ್ಲೇ ನಿಂತಿದ್ದಾನೆ, ಕುದುರೆಗೆ ಯಾರ ಬೆಂಬಲವೂ ಇಲ್ಲ. "ಕುದುರೆ ಹೋಗೋಕೆ ಮುಂಚೆ ಆನೆಯನ್ನಾದರೂ ಹೊಡೀತೀನಿ" ಅನ್ನಿಸಿರುತ್ತದೆ, ಯಾರಿಗಾದರೂ ಅನ್ನಿಸುತ್ತದೆ. ಹೊಡೆದಿರಿ. ಅವರಿಗೆ ಬೇಕಾಗಿದ್ದದ್ದೂ ಅದೇ.

ಅದಕ್ಕೆ ಒಂದು ನಡೆ ಹಿಂದೆ ಹೋಗಿ. ಸಿ5ಕ್ಕೆ ಒಂಟೆ ಬಂದಾಗ ನಿಮ್ಮ ರಾಣಿಯನ್ನು ಎಫ್3ಕ್ಕೆ ತಂದು ನೋಡಿ. ಎಫ್2ಕ್ಕೆ ಕಾವಲು ಬಂತು. ಸಿ7ರ ಫೋರ್ಕ್ ಹಾಗೇ ಇದೆ. ಮೇಲಿಂದ ಎಫ್7ರ ಮೇಲೂ ಕಣ್ಣು ಬಿತ್ತು. ಈಗ ಯೋಚನೆ ಮಾಡಬೇಕಾದವರು ಅವರು. ಫೋರ್ಕ್ ತಪ್ಪಾಗಿರಲಿಲ್ಲ, ಹೊತ್ತು ತಪ್ಪಾಗಿತ್ತು.

ಈಗ ಇನ್ನೊಂದು ಆಟ ಹೇಳುತ್ತೇನೆ, ಇದು ಇನ್ನೂ ಮಜವಾಗಿದೆ. ಹಳೆಯ ಬಲೆ, ಬ್ಲಾಕ್‌ಬರ್ನ್ ಷಿಲಿಂಗ್ ಗ್ಯಾಂಬಿಟ್ ಅಂತ ಹೆಸರು. ಆನ್‌ಲೈನ್‌ನಲ್ಲಿ 10 ನಿಮಿಷದ ಆಟ ಆಡುವವರಿಗೆ ಇದು ಇವತ್ತಲ್ಲ ನಾಳೆ ಎದುರಾಗುತ್ತದೆ. ಇ4, ಇ5. ಬಿಳಿ ಕುದುರೆ ಎಫ್3, ಕಪ್ಪು ಕುದುರೆ ಸಿ6. ಬಿಳಿ ಒಂಟೆ ಸಿ4. ಈಗ ಕಪ್ಪು ತನ್ನ ಕುದುರೆಯನ್ನು ಡಿ4ಕ್ಕೆ ತರುತ್ತದೆ, ಇ5ರ ಕಾಲಾಳನ್ನು ಸುಮ್ನೆ ಬಿಟ್ಟಂತೆ. ಬಿಳಿ ಕುದುರೆಯಿಂದ ಅದನ್ನು ಹೊಡೆಯುತ್ತದೆ. ಕಪ್ಪು ರಾಣಿ ಜಿ5ಕ್ಕೆ ಬರುತ್ತದೆ. ಬೋರ್ಡ್ ನೋಡಿದರೆ ಕಣ್ಣು ಅರಳುತ್ತದೆ: ಕುದುರೆ ಎಫ್7ರಲ್ಲಿ ಹೊಡೆದರೆ ಒಂದು ಕಡೆ ಜಿ5ರ ರಾಣಿ, ಇನ್ನೊಂದು ಕಡೆ ಎಚ್8ರ ಆನೆ. ಒಂದೇ ಕಲ್ಲಿಗೆ ಎರಡು ಹಕ್ಕಿ! ಹೊಡೆಯಿರಿ. ರಾಣಿ ಜಿ2ರ ಕಾಲಾಳನ್ನು ಹೊಡೆದುಕೊಂಡು ಪಾರಾಯಿತು, ಈಗ ನಿಮ್ಮ ಎಚ್1ರ ಆನೆಗೇ ಗುರಿ. ಆನೆಯನ್ನು ಎಫ್1ಕ್ಕೆ ಸರಿಸಿದಿರಿ. ರಾಣಿ ಇ4ರಲ್ಲಿ ಕಾಲಾಳು ಹೊಡೆದು ಚೆಕ್. ಒಂಟೆಯನ್ನು ಇ2ಕ್ಕೆ ಅಡ್ಡ ತಂದಿರಿ. ಡಿ4ರ ಕಪ್ಪು ಕುದುರೆ ಎಫ್3ಕ್ಕೆ ಹಾರಿತು, ಮೇಟ್. ಇ2ರ ಒಂಟೆ ಪಿನ್ ಆಗಿರೋದರಿಂದ (ಅದು ಕದಲಿದರೆ ಹಿಂದಿರುವ ರಾಜ ಕಪ್ಪು ರಾಣಿಯ ಬಾಯಿಗೆ ಬೀಳುತ್ತಾನೆ) ಆ ಕುದುರೆಯನ್ನು ಹೊಡೆಯೋಕೆ ಆಗಲ್ಲ, ರಾಜನ ಸುತ್ತ ಅವನದೇ ಕಾಯಿಗಳು. ಒಂಟೆಯ ಬದಲು ರಾಣಿಯನ್ನು ಅಡ್ಡ ಇಟ್ಟರೆ ರಾಣಿ ಹೋಗುತ್ತದೆ. ಎಫ್7ರ ನಿಮ್ಮ ಕುದುರೆ? ಇನ್ನೂ ಎಚ್8ರ ಆನೆಯನ್ನು ನೋಡುತ್ತಾ ನಿಂತಿದೆ, ಪಾಪ.

(ಇದರಿಂದ ತಪ್ಪಿಸಿಕೊಳ್ಳೋದು ಸುಲಭ. ಇ5ರ ಕಾಲಾಳಿಗೆ ಆಸೆ ಪಡದೆ ಡಿ4ರ ಕುದುರೆಯನ್ನೇ ಹೊಡೆಯಿರಿ, ಅವರು ಕಾಲಾಳಿನಿಂದ ತಿರುಗಿ ಹೊಡೆಯುತ್ತಾರೆ, ನೀವು ಕ್ಯಾಸ್ಲಿಂಗ್ ಮಾಡಿ ಆರಾಮಾಗಿ ಆಡಿ.)

ಈಗ ಅದೇ ಮೂರು ಮನೆಗಳನ್ನು ನೆನಪಿಟ್ಟುಕೊಳ್ಳಿ: ಎಫ್7, ಜಿ5, ಎಚ್8. 1966ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 10ನೇ ಆಟದಲ್ಲಿ ಆಗಿನ ಚಾಂಪಿಯನ್ ಟಿಗ್ರಾನ್ ಪೆಟ್ರೋಸಿಯನ್ ತನ್ನ ರಾಣಿಯನ್ನೇ ಎಚ್8ರಲ್ಲಿ ರಾಜನ ಬಾಯಿಗೆ ಕೊಟ್ಟರು, ಚೆಕ್ ಸಮೇತ. ಎದುರು ಕೂತಿದ್ದವರು ಬೋರಿಸ್ ಸ್ಪಾಸ್ಕಿ. ರಾಜ ಆ ರಾಣಿಯನ್ನು ಹೊಡೆದರೆ ಬಿಳಿ ಕುದುರೆ ಡಿ6ರಿಂದ ಎಫ್7ಕ್ಕೆ ಹಾರಿ ಅಲ್ಲಿನ ಆನೆಯನ್ನು ಹೊಡೆಯುತ್ತದೆ, ಎಚ್8ರ ರಾಜನಿಗೆ ಚೆಕ್ ಕೊಡುತ್ತದೆ, ಜಿ5ರ ರಾಣಿಗೂ ಗುರಿ ಇಡುತ್ತದೆ. ಸ್ಪಾಸ್ಕಿ ಅಲ್ಲೇ ಸೋಲೊಪ್ಪಿಕೊಂಡರು.

ಮನೆಗಳು ಅವೇ, ಕುದುರೆ ನಿಲ್ಲೋ ಜಾಗವೂ ಅದೇ. ಒಂದರಲ್ಲಿ ವಿಶ್ವ ಚಾಂಪಿಯನ್ ಗೆದ್ದರು, ಇನ್ನೊಂದರಲ್ಲಿ ನಿಮಗೆ ಮೇಟ್. ಎಚ್8ರಲ್ಲಿ ಆನೆ ಇತ್ತೋ ರಾಜ ಇದ್ದನೋ ಅನ್ನೋದೇ ವ್ಯತ್ಯಾಸ. ರಾಜನಿಗೆ ಚೆಕ್ ಬಿದ್ದರೆ ಜಿ5ರ ರಾಣಿಗೆ ಎಲ್ಲಿಗೂ ಹೋಗುವ ಸ್ವಾತಂತ್ರ್ಯ ಇಲ್ಲ, ಮೊದಲು ರಾಜನನ್ನು ನೋಡಿಕೊಳ್ಳಬೇಕು. ಆನೆ ಇದ್ದರೆ ರಾಣಿ ಹೋಗುತ್ತದೆ, ಹೋಗುವಾಗ ನಿಮ್ಮ ಮನೆಗೇ ಕನ್ನ ಹಾಕಿ ಹೋಗುತ್ತದೆ. ನನ್ನ ಹತ್ತಿರ ಕಲಿಯಲು ಬರುವವರಿಗೆ ನಾನು ಮೊದಲು ಕೇಳೋದು ಇದೇ ಪ್ರಶ್ನೆ: ಫೋರ್ಕ್‌ನಲ್ಲಿ ಚೆಕ್ ಇದೆಯಾ ಇಲ್ಲವಾ? ಇಲ್ಲ ಅಂದರೆ ಕೈ ಹಿಂದಕ್ಕೆ ತಗೊಳ್ಳಿ, ಅವರ ಯಾವ ಕಾಯಿ ಚೆಕ್ ಕೊಡುತ್ತಾ ಅಥವಾ ಏನನ್ನಾದರೂ ಹೊಡೆಯುತ್ತಾ ತಪ್ಪಿಸಿಕೊಳ್ಳಬಹುದು ಅಂತ ಹುಡುಕಿ. ಚೆಕ್ ಇದ್ದರೂ ಗ್ಯಾರಂಟಿ ಇಲ್ಲ ಅನ್ನೋದಕ್ಕೆ ನಿಮ್ಮ ಆಟವೇ ಸಾಕ್ಷಿ. ಗುರಿಯಾಗಿರೋದು ರಾಜ ಮತ್ತು ರಾಣಿ ಆಗಿದ್ದರೆ, ಹೊಡೆಯುವಾಗ ಅವರ ದಾಳಿಯ ದೊಡ್ಡ ಕಾಯಿಯೇ ಹೋಗಿಬಿಡುತ್ತದೆ. ರಾಜ ಮತ್ತು ಮೂಲೆಯ ಆನೆ ಆಗಿದ್ದರೆ, ನೀವು ಹೊಡೆಯೋದು ಆಟಕ್ಕೇ ಇಳಿಯದೆ ನಿದ್ದೆ ಮಾಡುತ್ತಿದ್ದ ಕಾಯಿಯನ್ನು. ಎದ್ದು ಕೂತಿರೋ ರಾಣಿ, ಒಂಟೆ ಹಾಗೇ ಇರುತ್ತವೆ.

ಇನ್ನು ಪಾಯಿಂಟ್ ಲೆಕ್ಕ. ಇಲ್ಲಿ ನಿಮಗೆ ಸ್ವಲ್ಪ ಸಮಾಧಾನವೂ ಇದೆ. ಮೂಲೆಯಲ್ಲಿ ಕುದುರೆ ಸಿಕ್ಕಿಹಾಕಿಕೊಂಡರೂ ಲೆಕ್ಕದಲ್ಲಿ ಲಾಭ ನನ್ನದೇ ಅಲ್ವಾ ಅಂತ ಕೇಳಿದ್ದೀರಿ. ಬರೀ ಪಾಯಿಂಟ್‌ನಲ್ಲಿ ನಷ್ಟ ಅಲ್ಲ. ಸಿ7ರ ಕಾಲಾಳು 1, ಆನೆ 5, ಒಟ್ಟು 6. ಕುದುರೆ ಹೋದರೆ 3. ಇನ್ನೂ 3 ನಿಮ್ಮ ಕಡೆಗೇ ಇದೆ. ಎ8ರಿಂದ ಕುದುರೆಗೆ ಇರೋದು ಎರಡೇ ಬಾಗಿಲು, ಬಿ6 ಮತ್ತು ಸಿ7. ಅವರ ಎ7ರ ಕಾಲಾಳು ಕದಲಿಲ್ಲ ಅಂದರೆ ಬಿ6ಕ್ಕೆ ಬೀಗ. ರಾಜನೋ ರಾಣಿಯೋ ಸಿ7 ಕಾಯುತ್ತಿದ್ದರೆ ಅದಕ್ಕೂ ಬೀಗ. ಸಾಮಾನ್ಯವಾಗಿ ಅವರು ಬಿ ಕಾಲಾಳನ್ನು ಬಿ6ಕ್ಕೆ ತಳ್ಳಿ, ಒಂಟೆಯನ್ನು ಬಿ7ಕ್ಕೆ ತಂದು, ಆಮೇಲೆ ಕುದುರೆಯನ್ನು ಹೊಡೆಯುತ್ತಾರೆ. ಅಂದರೆ ಮೂರು ನಡೆ ಖರ್ಚು. ಆ ಮೂರು ನಡೆಯಲ್ಲಿ ನೀವು ಏನು ಮಾಡುತ್ತೀರಿ ಅನ್ನೋದರ ಮೇಲೆ ಆಟ ನಿಂತಿದೆ. ಕುದುರೆಯನ್ನು ಹೇಗಾದರೂ ಬದುಕಿಸೋಣ ಅಂತ ಇನ್ನೂ ನಾಲ್ಕು ನಡೆ ಸುರಿಯುವವರನ್ನು ತುಂಬಾ ನೋಡಿದ್ದೇನೆ, ಸತ್ತ ಕುದುರೆಗೆ ಹುಲ್ಲು ಹಾಕಿದ ಹಾಗೆ. ಬಿಡಿ, ಹೋಗಲಿ ಅದು. ಅವರು ಬಿ6 ತಳ್ಳಿದಾಗ ಕುದುರೆಯಿಂದ ಆ ಕಾಲಾಳನ್ನೇ ಹೊಡೆಯಿರಿ, ಅವರು ಎ7ರ ಕಾಲಾಳಿನಿಂದ ತಿರುಗಿ ಹೊಡೆಯುತ್ತಾರೆ, ಹೋಗುವ ಕುದುರೆ ಇನ್ನೂ 1 ಪಾಯಿಂಟ್ ಕಿತ್ತುಕೊಂಡು ಹೋಗುತ್ತದೆ. ಆ ಹೊತ್ತಿಗೆ ನಿಮ್ಮ ರಾಜ ಕ್ಷೇಮವಾಗಿದ್ದರೆ ಆಟ ನಿಮ್ಮದೇ.

ರಾಜ ಕ್ಷೇಮವಾಗಿಲ್ಲ ಅಂದರೆ ಮಾತ್ರ ಯಾವ ಪಾಯಿಂಟೂ ಕೆಲಸಕ್ಕೆ ಬರಲ್ಲ. ಆನೆ ಬಿಡಿ, ರಾಣಿಯನ್ನು ಹೊಡೆದರೂ ಅಷ್ಟೇ. 1890ರಲ್ಲಿ ಕರೆಲ್ ಟ್ರಾಕ್ಸ್ಲರ್ ಅನ್ನೋ ಚೆಕ್ ದೇಶದ ಪಾದ್ರಿ ಆಡಿದ ಆಟ ಒಂದಿದೆ. (ಚೆಕ್ ದೇಶಕ್ಕೂ ನಮ್ಮ ಚೆಕ್ಕಿಗೂ ಸಂಬಂಧ ಇಲ್ಲ!) ಬಿಳಿ ಕುದುರೆ ಜಿ5ರಿಂದ ಎಫ್7ಕ್ಕೆ ನುಗ್ಗಿ ಡಿ8ರ ರಾಣಿಗೂ ಎಚ್8ರ ಆನೆಗೂ ಒಟ್ಟಿಗೆ ಫೋರ್ಕ್ ಹಾಕಿತು. ಟ್ರಾಕ್ಸ್ಲರ್ ಆ ಕಡೆ ತಿರುಗಿಯೂ ನೋಡಲಿಲ್ಲ. ಒಂಟೆಯಿಂದ ಎಫ್2ರಲ್ಲಿ ಹೊಡೆದು ಚೆಕ್ ಕೊಟ್ಟರು, ರಾಜನನ್ನು ಹೊರಗೆ ಎಳೆದರು. 9ನೇ ನಡೆಯಲ್ಲಿ ಬಿಳಿ ಆ ರಾಣಿಯನ್ನು ಹೊಡೆದೂ ಬಿಟ್ಟಿತು. 17ನೇ ನಡೆಯಲ್ಲಿ ಬೋರ್ಡಿನ ಮೇಲೆ ಅಲೆದಾಡುತ್ತಿದ್ದ ಬಿಳಿ ರಾಜನಿಗೆ ಒಂದು ಕಾಲಾಳು ಮೇಟ್ ಕೊಟ್ಟಿತು. ಬಿಳಿ ರಾಜ ಬೇರೆ ಮನೆಗೆ ಸರಿದಿದ್ದರೆ ಇಷ್ಟು ಕೆಟ್ಟದಾಗುತ್ತಿರಲಿಲ್ಲ, ಆ ಮಾತು ಬೇರೆ. ಆದರೆ 10 ನಿಮಿಷದ ಗಡಿಯಾರ ಓಡುತ್ತಿರುವಾಗ ಸರಿಯಾದ ಮನೆ ಹುಡುಕೋದು ನಿಮ್ಮ ಪಾಲಿನ ಕಷ್ಟ. ಆ ಆಟದ ಓಪನಿಂಗ್ (ಶುರುವಿನ ನಡೆಗಳ ಕ್ರಮ) ಇವತ್ತಿಗೂ ಅವರ ಹೆಸರಿನಲ್ಲೇ ಇದೆ.

ನನ್ನದೂ ಒಂದು ಹೇಳಿಬಿಡುತ್ತೇನೆ. ಹುಡುಗನಾಗಿದ್ದಾಗ ಒಂದು ಟೂರ್ನಮೆಂಟಿನಲ್ಲಿ ಎರಡು ಆನೆಗಳಿಗೆ ಒಟ್ಟಿಗೆ ಫೋರ್ಕ್ ಕಂಡಿತು. ಖುಷಿಯಲ್ಲಿ ಕುದುರೆಯನ್ನು ಎತ್ತಿ ಇಟ್ಟು ಗಡಿಯಾರ ಒತ್ತಿದೆ. ಎದುರಿನ ಹುಡುಗ ನನ್ನ ಮುಖ ನೋಡಿದ, ಒಂಟೆಯಿಂದ ನನ್ನ ರಾಣಿಯನ್ನು ಹೊಡೆದು ಪಕ್ಕಕ್ಕೆ ಇಟ್ಟ. ಆ ಕುದುರೆ ರಾಣಿಗೆ ಅಡ್ಡಲಾಗಿ ಪಿನ್ ಆಗಿತ್ತು, ನನ್ನ ಕಣ್ಣಿಗೆ ಕಂಡಿದ್ದು ಅದು ಹೋಗುವ ಜಾಗ ಮಾತ್ರ. ಬಿಟ್ಟು ಹೊರಟ ಜಾಗ ಕಾಣಲೇ ಇಲ್ಲ. 9 ಕೊಟ್ಟು 5 ತಗೊಂಡೆ. ಅದೇ ಫೋರ್ಕ್ ಚೆಕ್ ಆಗಿದ್ದರೆ ಅವನಿಗೆ ರಾಣಿ ಹೊಡೆಯೋಕೆ ಪುರುಸೊತ್ತೇ ಇರುತ್ತಿರಲಿಲ್ಲ. ಕುದುರೆ ಹೊರಡುವ ಮೊದಲು ಅದು ಇಲ್ಲಿ ಏನನ್ನು ಕಾಯುತ್ತಿತ್ತು ಅಂತ ನೋಡೋ ಅಭ್ಯಾಸ ನನಗೆ ಬಂದಿದ್ದು ಆ ದಿನದಿಂದ.

ಹಾಗಾದರೆ ಫೋರ್ಕ್ ಕಂಡಾಗ ನಿಮ್ಮ ಮುಂದೆ ಏನೇನು ದಾರಿ ಇದೆ? ಚೆಕ್ ಇದೆ, ಇನ್ನೊಂದು ಗುರಿ ರಾಣಿ, ಕುದುರೆಯನ್ನು ಹೊಡೆಯುವವರು ಯಾರೂ ಇಲ್ಲ, ನಿಮ್ಮ ರಾಜನಿಗೆ ತಕ್ಷಣದ ಮೇಟ್ ಇಲ್ಲ ಅಂದರೆ ಯೋಚನೆ ಬೇಡ, ಹಾಕಿ.

ಇದರಲ್ಲಿ ಯಾವುದಾದರೂ ಒಂದು ಅನುಮಾನ ಇದ್ದರೆ ನನಗೆ ಇಷ್ಟವಾದ ದಾರಿ ಒಂದು ನಡೆ ಕಾಯೋದು. ಮೊದಲು ಸೋರುತ್ತಿರುವ ಜಾಗ ಮುಚ್ಚಿ, ಎಫ್2 ಕಾಯಿರಿ, ಸಾಧ್ಯವಾದರೆ ಕ್ಯಾಸ್ಲಿಂಗ್ ಮಾಡಿ. ಅಪಾಯ ಇಷ್ಟೇ, ಎದುರಾಳಿ ಫೋರ್ಕ್ ನೋಡಿ ಜಾಗ ಖಾಲಿ ಮಾಡಬಹುದು. ಮಾಡಲಿ ಬಿಡಿ, ಅದಕ್ಕೆ ಅವರದೂ ಒಂದು ನಡೆ ಹೋಯಿತಲ್ಲ. ಎಷ್ಟೋ ಸಲ ಆ ಬೆದರಿಕೆಯನ್ನು ತಡೆಯೋಕೆ ಅವರು ರಾಣಿಯನ್ನೋ ರಾಜನನ್ನೋ ಬೇಡದ ಮನೆಗೆ ಕೊಂಡೊಯ್ಯುತ್ತಾರೆ, ನಿಮ್ಮ ಕುದುರೆ ಅಲ್ಲೇ ಕೂತು ಸಂಬಳ ತಗೊಳ್ಳುತ್ತದೆ.

ಚೆಕ್ ಕೊಟ್ಟ ಮೇಲೆ ಹೊಡೆಯಲೇಬೇಕು ಅಂತಲೂ ಇಲ್ಲ. ರಾಜ ಕದಲಿದರೆ ಅವನ ಕ್ಯಾಸ್ಲಿಂಗ್ ಹೋಯಿತು, ಇನ್ನು ಆ ಆಟದಲ್ಲಿ ಅದು ವಾಪಸ್ ಬರಲ್ಲ. ಅಷ್ಟು ಲಾಭಕ್ಕೆ ತೃಪ್ತಿಪಟ್ಟು ಕುದುರೆಯನ್ನು ಬೋರ್ಡಿನ ಮಧ್ಯಕ್ಕೆ, ಡಿ5ರಂಥ ಮನೆಗೆ ತಂದರೆ ಅಲ್ಲಿಂದ ಎಂಟು ಮನೆಗಳ ಮೇಲೆ ಕಣ್ಣಿಡುತ್ತದೆ. ಮೂಲೆಯಲ್ಲಿ ಎರಡೇ. ನಿಮ್ಮಂಥವರಿಗೆ ಇದು ಮನಸ್ಸಿಗೆ ಒಪ್ಪಲ್ಲ ಅಂತ ಗೊತ್ತು, ಆನೆ ಕಣ್ಣೆದುರೇ ಕೂತಿರುತ್ತದೆ. ನಿಮ್ಮ ಆ ಆಟದಲ್ಲಂತೂ ಇದಕ್ಕೂ ಹೊತ್ತಿರಲಿಲ್ಲ, ಕುದುರೆ ವಾಪಸ್ ಬಂದಿದ್ದರೂ ಎಫ್2ರಲ್ಲಿ ಮೇಟೇ.

ಗೆಳೆಯರ ಮಾತಿಗೆ ಬರೋಣ. "ಯಾರೂ ನೋಡಲ್ಲ" ಅನ್ನೋದು ಅರ್ಧ ನಿಜ. ಗಡಿಯಾರದಲ್ಲಿ ಹತ್ತು ಸೆಕೆಂಡ್ ಉಳಿದಿದ್ದರೆ, ನೀವು ಸೋಲುತ್ತಲೇ ಇದ್ದರೆ, ಅನುಮಾನದ ಫೋರ್ಕ್ ಹಾಕಿ ಗಲಿಬಿಲಿ ಮಾಡೋದರಲ್ಲಿ ತಪ್ಪೇನಿಲ್ಲ, ನಾನೂ ಮಾಡುತ್ತೇನೆ. ಕುದುರೆಯ ಚೆಕ್ ಬಿದ್ದರೆ ಎದುರಿನವರ ತಲೆ ಒಂದು ಕ್ಷಣ ನಿಂತುಹೋಗುವುದು ನಿಜ. ಆದರೆ 6ನೇ ನಡೆಯಲ್ಲಿ, ಗಡಿಯಾರದಲ್ಲಿ ಒಂಬತ್ತು ನಿಮಿಷ ಇರುವಾಗ, ಒಳ್ಳೆಯ ಸ್ಥಿತಿಯಲ್ಲಿ ಇದ್ದುಕೊಂಡು ಜೂಜಾಡೋದು ಯಾಕೆ? ಅದೂ ಅಲ್ಲದೆ ಷಿಲಿಂಗ್ ಗ್ಯಾಂಬಿಟ್‌ನಂಥ ಬಲೆಗಳನ್ನು ಬಾಯಿಪಾಠ ಮಾಡಿಕೊಂಡು ಕೂತಿರುವವರು ಸಿಗೋದು ಇಂಥ ಸುಮ್ನೆ ಆಡೋ ಆಟಗಳಲ್ಲೇ. ಅಲ್ಲಿ ಫೋರ್ಕ್ ನಿಮಗೆ ಸಿಕ್ಕಿದ್ದಲ್ಲ, ನಿಮಗೆ ಅಂತ ಹಾಕಿದ ಗಾಳ. ಎದುರಾಳಿ ತೀರಾ ಸುಲಭವಾಗಿ ಕಾಲಾಳು ಬಿಟ್ಟುಕೊಟ್ಟು, ರಾಣಿಯನ್ನು ತಂದು ಕುದುರೆಯ ದಾರಿಯಲ್ಲೇ ನಿಲ್ಲಿಸಿದರೆ ನನಗಂತೂ ಅನುಮಾನ ಬರುತ್ತದೆ.

ಅಣ್ಣನ ಮಗ ಹೇಳಿದ್ದು ಜಾಸ್ತಿ ಸರಿ, ಪೂರ್ತಿ ಅಲ್ಲ. ಕ್ಯಾಸ್ಲಿಂಗ್ ಮಾಡುತ್ತಾ ಕೂತರೆ ಸಿಕ್ಕ ರಾಣಿಯೂ ತಪ್ಪಿಹೋಗುತ್ತದೆ. ಗುರಿ ರಾಜ ಮತ್ತು ರಾಣಿಯಾದರೆ ಅವನ ಮಾತು ಕೇಳಬೇಡಿ. ಆನೆಯಾದರೆ ಕೇಳಿ.

ಕೊನೆಗೆ ಅವನ ಕುದುರೆಯನ್ನು ಮೊದಲೇ ಹಿಡಿಯೋ ದಾರಿ. ಇದೆ, ಮನೆಗಳ ಬಣ್ಣ ನೋಡಿ. ಕುದುರೆ ಪ್ರತಿ ನೆಗೆತಕ್ಕೂ ಬಣ್ಣ ಬದಲಿಸುತ್ತದೆ, ಬಿಳಿ ಮನೆಯಿಂದ ಕಪ್ಪಿಗೆ, ಕಪ್ಪಿನಿಂದ ಬಿಳಿಗೆ. ಹಾಗಾಗಿ ಅವನ ಕುದುರೆ, ನಿಮ್ಮ ರಾಜ, ನಿಮ್ಮ ರಾಣಿ ಮೂರೂ ಒಂದೇ ಬಣ್ಣದ ಮನೆಗಳಲ್ಲಿ ಇದ್ದರೆ ಮಾತ್ರ ಮುಂದಿನ ಒಂದೇ ನೆಗೆತದಲ್ಲಿ ಅವೆರಡಕ್ಕೂ ಫೋರ್ಕ್ ಬೀಳಬಹುದು. ನಿಮ್ಮ ಆಟದಲ್ಲೇ ನೋಡಿ: ಬಿ5, ಇ8, ಎ8 ಮೂರೂ ಬಿಳಿ ಮನೆಗಳು. ಕುದುರೆ ಬೇರೆ ಬಣ್ಣದ ಮೇಲಿದ್ದರೆ ಅದಕ್ಕೆ ಕಡಿಮೆ ಅಂದರೂ ಎರಡು ನೆಗೆತ ಬೇಕು, ನಿಮಗೆ ಒಂದು ನಡೆ ಉಸಿರಾಡೋಕೆ ಸಿಗುತ್ತದೆ. ರಾಜ, ರಾಣಿ ಬೇರೆ ಬೇರೆ ಬಣ್ಣದ ಮೇಲೆ ನಿಂತಿದ್ದರೆ ಅವರಿಬ್ಬರಿಗೂ ಒಟ್ಟಿಗೆ ಕುದುರೆಯ ಫೋರ್ಕ್ ಹಾಕೋಕೆ ಆಗೋದೇ ಇಲ್ಲ. ಮುಂದಿನ ಸಲ ಅವನ ಜೊತೆ ಕೂತಾಗ ಬೋರ್ಡಿನ ಮೇಲೆ ಈ ಬಣ್ಣ ನೋಡೋದನ್ನು ಅಭ್ಯಾಸ ಮಾಡಿ. ಫೋನಿನ ಪರದೆಗಿಂತ ಬೋರ್ಡಿನ ಮೇಲೆ ಇದು ಬೇಗ ಕಣ್ಣಿಗೆ ಬೀಳುತ್ತದೆ ಅಂತ ನನ್ನ ಅನುಭವ. ಮತ್ತೆ ನಿಮ್ಮ ಆ ಮೊನ್ನೆಯ ಆಟವನ್ನು ಅವನ ಮೇಲೆ ಕಪ್ಪು ಕಾಯಿ ಹಿಡಿದು ಒಂದು ಸಲ ಪ್ರಯತ್ನ ಮಾಡಿ, ಅವನು ಎಫ್3ಕ್ಕೆ ರಾಣಿ ತರುತ್ತಾನೋ ಇಲ್ಲವೋ ನನಗೂ ಬರೆದು ತಿಳಿಸಿ.